ಹೊಳಿ ಬಂದುಹೋದ ಊರು

ಮಹಾಪೂರ ಯಾವಾಗ ಬಂತು ಎಂದು ಗೋಕಾಕದ ನದಿಬದಿಯ ಓಣಿಗಳಲ್ಲಿ ಕೇಳಿದರೆ ತಾರೀಖಿಗಿಂತ ಮೊದಲು ಪಂಚಮಿಯ ಮಾತು ಬರುತ್ತದೆ. 2019ರಲ್ಲಿ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಿದ್ದಿತ್ತು. ಹೆಣ್ಣುಮಕ್ಕಳು ತವರಿಗೆ ಬಂದಿದ್ದರು. ಶೇಂಗಾ ಉಂಡಿ, ಎಳ್ಳುಂಡಿ ಇನ್ನೂ ಡಬ್ಬಿಯಲ್ಲಿದ್ದವು. ಅದೇ ವಾರ ಘಟಪ್ರಭೆ ಲೋಳಸೂರ ಸೇತುವೆಯ ಮೇಲೆ ಹರಿದು ಊರೊಳಗೆ ಬಂದಳು. ದನದ ಪೇಟೆ, ಮಟನ್ ಮಾರ್ಕೆಟ್, ಕುಂಬಾರ ಗಲ್ಲಿಗಳ ಜನ ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು, ಕೈಗೆ ಸಿಕ್ಕಿದ್ದನ್ನು ಗಂಟು ಕಟ್ಟಿಕೊಂಡು ಎತ್ತರಕ್ಕೆ ಓಡಿದರು. ಆಗಸ್ಟ್ 12ರ ಬಕ್ರೀದ್ ಬಂದಾಗಲೂ ಎಷ್ಟೋ ಮನೆಗಳ ಒಲೆ ಹತ್ತಿರಲಿಲ್ಲ. ಹೀಗಾಗಿ ಈ ಊರಿನಲ್ಲಿ ಎರಡು ಹಬ್ಬಗಳು ಒಂದೇ ನೆನಪಿನೊಳಗೆ ಸೇರಿಕೊಂಡಿವೆ. ಶ್ರಾವಣ ಹತ್ತಿರ ಬಂದರೆ ಉಂಡಿಗೆ ಬೆಲ್ಲ ತರುವ ಕೈಯೇ ಮಾಳಿಗೆಯ ಮೇಲೆ ಜಾಗ ಎಷ್ಟಿದೆ ಎಂದೂ ನೋಡಿಕೊಳ್ಳುತ್ತದೆ.

ದುರಂತವನ್ನು ನೆನಪಿಟ್ಟುಕೊಂಡ ಊರುಗಳ ಬಗ್ಗೆ ಜಗತ್ತಿನಲ್ಲಿ ಬೇಕಾದಷ್ಟು ಬರವಣಿಗೆ ಇದೆ. ಅದರಲ್ಲಿ ಹೆಚ್ಚಿನದು ಮುಗಿದುಹೋದ ದುರಂತಗಳ ಮಾತು. ಯುದ್ಧ ನಿಂತಿದೆ, ಬಾಂಬು ಬಿದ್ದಾಗಿದೆ, ಉಳಿದವರು ದೀಪ ಹಚ್ಚುತ್ತಾರೆ. ನಮ್ಮ ಮಂಗಳೂರಿನಲ್ಲೂ 2010ರ ಮೇ 22ರ ವಿಮಾನ ದುರಂತದಲ್ಲಿ ತೀರಿಕೊಂಡ 158 ಜನರಿಗೆ ಕೂಳೂರು–ತಣ್ಣೀರುಬಾವಿಯ ನದಿದಂಡೆಯಲ್ಲಿ ಸ್ಮಾರಕವಿದೆ, ಪ್ರತಿ ಮೇ ತಿಂಗಳಲ್ಲಿ ಅಲ್ಲಿ ಹೂವು ಇಡುತ್ತಾರೆ. ಗೋಕಾಕದ ಸಂಗತಿ ಬೇರೆ. ಇಲ್ಲಿಯ ದುರಂತ 2019ರ ಅಕ್ಟೋಬರಿನಲ್ಲಿ ಇನ್ನೊಂದು ಮಳೆಯಾಗಿ ಬಂತು, 2021ರ ಜುಲೈನಲ್ಲಿ ಬಂತು, 2024ರ ಜುಲೈನಲ್ಲಿ ಮತ್ತೆ ಬಂತು. ಮುಗಿಯದ ಸಂಗತಿಯನ್ನು ಹೂವಿಟ್ಟು ನೆನೆಯಲಾಗುವುದಿಲ್ಲ. ಇಂಥ ಊರಿನಲ್ಲಿ ನೆನಪು ಒಂದು ದುಡಿಮೆ. ಆ ದುಡಿಮೆಯನ್ನು ಯಾರು ಮಾಡುತ್ತಿದ್ದಾರೆ, ಯಾರು ಮಾಡಬೇಕಿತ್ತು ಎಂಬುದೇ ಈ ಬರಹದ ಪ್ರಶ್ನೆ.

ಮೊದಲು ಊರಿನ ನೆಲ ನೋಡಬೇಕು. ಗೋಕಾಕದ ತಲೆಯ ಮೇಲೆ ಗುಡ್ಡ, ಕಾಲ ಬಳಿ ಹೊಳೆ. ಘಟಪ್ರಭೆ ಸಹ್ಯಾದ್ರಿಯಲ್ಲಿ ಹುಟ್ಟಿ, ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯವಾಗಿ ನಿಲ್ಲುತ್ತಾಳೆ. ಅಲ್ಲಿ 51 ಟಿಎಂಸಿ ನೀರು ಹಿಡಿಯುತ್ತದೆ. ಅಣೆಕಟ್ಟೆಯ ಕೆಳಗೆ, ಆಂಬೋಲಿಯಿಂದ ಹೊರಟು ಸಂಕೇಶ್ವರವನ್ನು ಹಾದು ಬರುವ ಹಿರಣ್ಯಕೇಶಿ ಕೂಡಿಕೊಳ್ಳುತ್ತದೆ. ಗೋಕಾಕದ ಹತ್ತಿರ ಬೆಳಗಾವಿಯ ಕಡೆಯಿಂದ ಮಾರ್ಕಂಡೇಯ ಬಂದು ಸೇರುತ್ತದೆ. ಮಾರ್ಕಂಡೇಯಕ್ಕೆ ಶಿರೂರಿನಲ್ಲಿ ಅಣೆಕಟ್ಟೆ ಇದೆ, ಆದರೆ ಅದರ ಹೊಟ್ಟೆ ನಾಲ್ಕು ಟಿಎಂಸಿಯನ್ನೂ ಹಿಡಿಯದಷ್ಟು ಸಣ್ಣದು. ಹಿರಣ್ಯಕೇಶಿಗೆ ನಮ್ಮ ಕಡೆ ದೊಡ್ಡ ಅಣೆಕಟ್ಟೆಯೆಂಬುದೇ ಇಲ್ಲ. ಮೂರೂ ನದಿಗಳ ಮೇಲೆ ಒಂದೇ ವಾರ ಮಳೆ ಸುರಿದರೆ, ಹಿಡಕಲ್ ಆ ಹೊತ್ತಿಗೆ ತುಂಬಿದ್ದರೆ, ಗೋಕಾಕಕ್ಕೆ ದಾರಿಯೇ ಉಳಿಯುವುದಿಲ್ಲ. 2019ರಲ್ಲಿ ಆದದ್ದು ಅದೇ. ಹಿಂದೆ ಸರಿಯೋಣವೆಂದರೆ ಗುಡ್ಡವಿದೆ. ಆ ಗುಡ್ಡವೂ ಅಭಯ ಕೊಡಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಮಲ್ಲಿಕಾರ್ಜುನ ಗುಡ್ಡದ ಮೇಲಿನ ಭಾರಿ ಬಂಡೆಗಳು ಸಡಿಲಾಗಿ, ಕೆಳಗಿನ ಮನೆಗಳವರು ಮೇಲೆ ನೋಡುತ್ತಾ ದಿನ ಕಳೆದರು. ಕೆಳಗಿನವರಿಗೆ ನೀರಿನ ಚಿಂತೆ, ಮೇಲಿನವರಿಗೆ ಕಲ್ಲಿನ ಚಿಂತೆ.

ಮಹಾಪೂರಕ್ಕೆ ಮೊದಲು ಬರವಿತ್ತು ಎಂಬುದನ್ನು ಈಗ ಹೆಚ್ಚು ಜನ ಹೇಳುವುದಿಲ್ಲ. 2019ರ ಮೇ ತಿಂಗಳಲ್ಲಿ ಕೃಷ್ಣೆ ಒಣಗಿ, ಕೊಯ್ನಾ ನೀರು ಬಿಡಿ ಎಂದು ಕರ್ನಾಟಕ ಮಹಾರಾಷ್ಟ್ರವನ್ನು ಕೇಳಿಕೊಳ್ಳುತ್ತಿತ್ತು. ಹಳ್ಳಿಗಳಲ್ಲಿ ಟ್ಯಾಂಕರ್ ಓಡಾಡುತ್ತಿದ್ದವು. ಮೂರು ತಿಂಗಳೊಳಗೆ ಅದೇ ಜಿಲ್ಲೆಯಲ್ಲಿ ದೋಣಿ ಓಡಾಡಿದವು. ಬರದ ವರ್ಷಗಳಲ್ಲಿ ನದಿಯ ಪಾತ್ರ ಖಾಲಿ ಜಾಗದಂತೆ ಕಾಣುತ್ತದೆ. ಅಲ್ಲೊಂದು ಗೋಡೆ, ಇಲ್ಲೊಂದು ಪತ್ರಾ ಶೆಡ್ಡು, ಸ್ವಲ್ಪ ಮುರುಮು ಹಾಕಿ ಎತ್ತರಿಸಿದ ಪ್ಲಾಟು. ನೆರೆ ಮರೆಯುವುದಕ್ಕೆ ಕಾಲವಷ್ಟೇ ಕಾರಣವಲ್ಲ, ನಡುವೆ ಬರುವ ಬರವೂ ಕಾರಣ. ಬಯಲುಸೀಮೆಯ ಅಂಚಿನ ನಮ್ಮಂಥವರು ನೀರು ಬರಲೆಂದು ಹರಕೆ ಹೊತ್ತವರೇ ಹೊರತು ನೀರಿಗೆ ಹೆದರಿ ಮನೆ ಕಟ್ಟಿದವರಲ್ಲ.

ಆದರೆ ಮನೆಗಳೊಳಗಿನ ನೆನಪು ಗಟ್ಟಿಯಾಗಿದೆ. ಸುಣ್ಣ ಬಳಿದ ಗೋಡೆಯ ಮೇಲೂ ನೀರು ನಿಂತ ಗೆರೆ ಮಳೆಗಾಲದಲ್ಲಿ ತೇವವಾಗಿ ಮತ್ತೆ ಮೂಡುತ್ತದೆ. ಆಧಾರ್, ರೇಷನ್ ಕಾರ್ಡು, ಉತಾರ, ಮಕ್ಕಳ ಮಾರ್ಕ್ಸ್ ಕಾರ್ಡುಗಳನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಗಿಲ ಹತ್ತಿರದ ಮೊಳೆಗೆ ನೇತುಹಾಕುವುದು ಈಗ ರೂಢಿ. ಜೋಳದ ಚೀಲ ನೆಲದ ಮೇಲೆ ಇಡುವುದಿಲ್ಲ. ಹೊಸ ಮನೆ ಕಟ್ಟುವವರು ಪಾಯ ಎತ್ತರಿಸುತ್ತಾರೆ, ಕಟ್ಟಲಾಗದವರು ನೆಂಟರ ಮನೆಯನ್ನು ಮಾತಾಡಿಸಿ ಇಟ್ಟುಕೊಳ್ಳುತ್ತಾರೆ. ಜುಲೈ ಬಂದರೆ ಹಿಡಕಲ್ ಎಷ್ಟು ಅಡಿ ಎಂಬುದು ಚಹಾ ಅಂಗಡಿಯ ಮಾತು. 2175 ಅಡಿ ಪೂರ್ತಿ ಮಟ್ಟ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಅಧಿಕಾರಿಗಳು ನದಿಪಾತ್ರದ ಜನ ಎಚ್ಚರವಾಗಿರಬೇಕು ಎಂದು ಪ್ರಕಟಣೆ ಕೊಡುವ ಮೊದಲೇ ಫೋನಿನಿಂದ ಫೋನಿಗೆ ಕ್ಯೂಸೆಕ್‌ಗಳ ಲೆಕ್ಕ ಹರಿದಾಡುತ್ತದೆ. ಇದನ್ನೆಲ್ಲ ಕಲಿಸಿದವರು ಯಾರೂ ಇಲ್ಲ. ಜನ ತಾವೇ ಕಟ್ಟಿಕೊಂಡ ಈ ವಿದ್ಯೆಗೆ ನಾನು ಮನಸಾರೆ ಗೌರವ ಕೊಡುತ್ತೇನೆ. ಮೂಡಲಗಿ ಕಡೆಯ ಅವರಾದಿ, ಸುಣಧೋಳಿ, ಕಮಲದಿನ್ನಿಯಲ್ಲೂ ಇದೇ ಕಥೆ. ಸೇತುವೆ ಮುಳುಗಿದರೆ ಹಾಲು ಯಾವ ದಾರಿಯಿಂದ ಹೋಗಬೇಕು, ಬಾಣಂತಿಯನ್ನು ಯಾವ ಊರಿಗೆ ಮೊದಲೇ ಕಳಿಸಬೇಕು ಎಂದು ಅಲ್ಲಿಯ ಮನೆಗಳಿಗೆ ಬಾಯಿಪಾಠವಾಗಿದೆ.

ಇದೇ ನೀರಿಗೆ ಇನ್ನೊಂದು ಮುಖವಿದೆ. ಊರಿಂದ ಆರು ಕಿಲೋಮೀಟರ್ ಮೇಲೆ, 52 ಮೀಟರ್ ಎತ್ತರದಿಂದ ಕೆಂಪು ನೀರು ಧುಮ್ಮಿಕ್ಕುವ ಗೋಕಾಕ ಫಾಲ್ಸ್. 1887ರಲ್ಲೇ ಈ ನೀರಿನಿಂದ ವಿದ್ಯುತ್ ತೆಗೆದು ಹತ್ತಿಯ ಗಿರಣಿ ನಡೆಸಿದ ಜಾಗ. ಕೆಳಗೆ ಗಲ್ಲಿಗಳು ಖಾಲಿಯಾಗುವ ದಿನಗಳಲ್ಲೇ ಮೇಲೆ ಜಲಪಾತ ನೋಡಲು ಕಾರುಗಳ ಸಾಲು ನಿಲ್ಲುತ್ತದೆ. ನೋಡಲು ಬಂದವರ ತಪ್ಪು ಎಂದು ನಾನು ಹೇಳುವುದಿಲ್ಲ, ನಾವೆಲ್ಲರೂ ಹೋಗಿ ನಿಂತವರೇ. ಆದರೆ ಫಾಲ್ಸ್ ಬಳಿ ಒಂದು ಫಲಕವಾದರೂ ಇರಬೇಕಿತ್ತು: ಇಲ್ಲಿ ಇಷ್ಟು ನೀರು ಬಿದ್ದ ದಿನ ಕೆಳಗೆ ಯಾವ ಓಣಿಯಲ್ಲಿ ಎಷ್ಟು ನೀರು ನಿಂತಿತ್ತು ಎಂದು. ನೋಡಲು ಬಂದವರು ಅದನ್ನು ಓದಿಕೊಂಡು ಹೋಗಲಿ.

ಸರ್ಕಾರದ ನೆನಪು ಬೇರೆ ಬಗೆಯದು, ಅದು ಅಕ್ಷರಗಳಲ್ಲಿದೆ. 2019ರಲ್ಲಿ ತಕ್ಷಣದ ಪರಿಹಾರವೆಂದು ಕುಟುಂಬಕ್ಕೆ 10 ಸಾವಿರ, ಪೂರ್ತಿ ಬಿದ್ದ ಮನೆ ಕಟ್ಟಿಕೊಳ್ಳಲು 5 ಲಕ್ಷ ರೂಪಾಯಿ ಘೋಷಣೆಯಾಯಿತು. ಹಿಂದಿನ ಲೆಕ್ಕಗಳಿಗೆ ಹೋಲಿಸಿದರೆ ದೊಡ್ಡ ಮೊತ್ತವೇ. ಆದರೆ ಮನೆ ಎಷ್ಟು ಬಿದ್ದಿದೆ ಎಂಬುದನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಆ ಸರ್ವೆ ಮುಗಿಯುವ ಹೊತ್ತಿಗೆ ಅಕ್ಷರಗಳು ಮನೆಗಳೊಳಗೆ ಕುಳಿತುಬಿಟ್ಟವು. ಒಂದೇ ಗೋಡೆ ಹಂಚಿಕೊಂಡ ಅಣ್ಣನಿಗೆ ಎ, ತಮ್ಮನಿಗೆ ಸಿ. ಮಣ್ಣಿನ ಗೋಡೆಗೆ ನೀರಿನಲ್ಲಿ ನಿಂತಾಗ ಏನೂ ಆಗಿರುವುದಿಲ್ಲ, ಬಿಸಿಲು ಬಿದ್ದ ಮೇಲೆ ಒಣಗಿ ಕುಸಿಯುತ್ತದೆ. ತಲಾಟಿ ಪಂಚನಾಮೆ ಬರೆದ ದಿನ ಮನೆ ನಿಂತಿತ್ತು, ಬರೆದುಕೊಂಡು ಹೋದ ಮೇಲೆ ಬಿತ್ತು. ಇಂಥ ಮನೆಗಳವರು ವರ್ಷಗಟ್ಟಲೆ ಕಚೇರಿಗೆ ಅಲೆದರು. ಒಂದು ಓಣಿಯ ಜನರನ್ನು ನೀರು ಒಂದೇ ರಾತ್ರಿಯಲ್ಲಿ ಒಟ್ಟು ಮಾಡಿತ್ತು. ಆ ಒಗ್ಗಟ್ಟನ್ನು ಒಡೆಯಲು ಒಂದು ಪಟ್ಟಿ ಸಾಕಾಯಿತು. ನೆರೆಯ ನೆನಪು ಕಹಿಯಾಗಿ ಉಳಿದಿದ್ದರೆ ನೀರಿಗಿಂತ ಈ ಪಟ್ಟಿಗೇ ಅದರಲ್ಲಿ ಹೆಚ್ಚು ಪಾಲಿದೆ. ಯಾಕೆಂದರೆ ನೀರು ತಂದ ದಿನಗಳಲ್ಲಿ ಸಿಹಿಯೂ ಇತ್ತು. ನೆರೆ ಕಾಣದ ಊರುಗಳಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹಾಸಿಗೆ, ದನಕ್ಕೆ ಕಣಕಿ ಹೊತ್ತ ಗಾಡಿಗಳು ಬಂದವು. ರೊಟ್ಟಿ ತಟ್ಟಿದ ಹೆಣ್ಣುಮಕ್ಕಳ ಹೆಸರು ಯಾವ ಕಡತದಲ್ಲೂ ಇಲ್ಲ.

ಸರ್ಕಾರ 2009ರ ನೆರೆಯಿಂದ ಏನು ಕಲಿತಿತ್ತು? ಆ ವರ್ಷದ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕ ಮುಳುಗಿದ ಮೇಲೆ 'ಆಸರೆ' ಹೆಸರಿನಲ್ಲಿ ಹೊಸ ಜಾಗಗಳಲ್ಲಿ ಸಾಲು ಸಾಲು ಮನೆ ಕಟ್ಟಿದರು. ಅವುಗಳಲ್ಲಿ ಎಷ್ಟೋ ಮನೆಗಳಿಗೆ ಜನ ಹೋಗಲೇ ಇಲ್ಲ. ದನ ಕಟ್ಟಲು ಜಾಗವಿಲ್ಲ, ಹೊಲ ದೂರ, ನೀರಿನ ನಲ್ಲಿ ಇಲ್ಲ. ಮುಳ್ಳುಕಂಟಿ ಬೆಳೆದ ಆ ಮನೆಗಳನ್ನು ತೋರಿಸಿ 'ಜನಕ್ಕೇ ಬೇಡವಾಗಿದೆ' ಎಂದು ಹೇಳುವುದು ಸುಲಭ. ಜನಕ್ಕೆ ಬೇಡವಾದದ್ದು ಸುರಕ್ಷತೆಯಲ್ಲ, ಕೆಲಸದಿಂದ ಕಿತ್ತು ಇಟ್ಟ ನಾಲ್ಕು ಗೋಡೆ.

ಇನ್ನು, ಈ ನಾಡಿನಲ್ಲಿ ಮುಳುಗಡೆ ಎಂದಾಗ ಒಂದು ಬಗೆಯ ಮುಳುಗಡೆಯಷ್ಟೇ ಎಲ್ಲರಿಗೂ ನೆನಪಾಗುತ್ತದೆ. ಗೋಕಾಕವನ್ನು ಮುಳುಗಿಸುವ ನೀರು ಹಿಡಕಲ್‌ನಿಂದಲೂ ಬರುತ್ತದೆ, ಸರಿ. ಹಿಡಕಲ್ ತುಂಬಲು ಮುಳುಗಿದವರು ಯಾರು? ನಮ್ಮ ಹುಕ್ಕೇರಿ ತಾಲ್ಲೂಕಿನ ಹುನ್ನೂರು ಆ ಹಿನ್ನೀರಿನ ಕೆಳಗಿದೆ. ಅಲ್ಲಿಯ ವಿಠ್ಠಲನ ಕಲ್ಲಿನ ಗುಡಿ ವರ್ಷದ ಬಹುಪಾಲು ನೀರಿನಲ್ಲಿದ್ದು, ಜಲಾಶಯ ತಳ ಕಂಡ ಬೇಸಿಗೆಯಲ್ಲಿ ಪೂರ್ತಿ ಹೊರಗೆ ಬರುತ್ತದೆ. ಆಗ ಜನ ಗುಂಪುಗೂಡಿ ಹೋಗಿ ದರ್ಶನ ಮಾಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಗುಡಿಯ ಸುತ್ತ ಮನೆಗಳಿದ್ದವು, ಹೊಲಗಳಿದ್ದವು ಎಂಬುದು ಆ ಫೋಟೋದಲ್ಲಿ ಬರುವುದಿಲ್ಲ. ಊರು ಬಿಟ್ಟವರ ಮಕ್ಕಳಿಗೆ ಅದು ಜಾತ್ರೆಯಲ್ಲ, ಹಿರಿಯರ ಮಣ್ಣು. ಇದೇ ಘಟಪ್ರಭೆ ಇನ್ನೂ ಕೆಳಗೆ ಹರಿದು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮೊದಲು ಬಾಗಲಕೋಟೆಯನ್ನು ಹಾಯುತ್ತಾಳೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಹೋಯಿತು, ಸೆಕ್ಟರ್‌ಗಳ ನವನಗರ ಎದ್ದಿತು. ಅಲ್ಲಿ ಜನ ತಮ್ಮ ಊರನ್ನು ಈಗಲೂ ಮುಳುಗಡೆ ನಗರ ಎಂದೇ ಕರೆದುಕೊಳ್ಳುತ್ತಾರೆ. ಒಂದೇ ನದಿಯ ದಂಡೆಯಲ್ಲಿ, ನೀರು ತಾನಾಗಿ ಬಂದು ಮುಳುಗಿಸಿದ್ದಕ್ಕೆ ದುರಂತ ಎನ್ನುತ್ತೇವೆ, ನೋಟಿಸು ಕೊಟ್ಟು ಮುಳುಗಿಸಿದ್ದಕ್ಕೆ ಅಭಿವೃದ್ಧಿ ಎನ್ನುತ್ತೇವೆ. ಇದೇ ತಾಲ್ಲೂಕಿನ ನಮ್ಮ ನಿಡಸೋಸಿಯ ಸುತ್ತಿನ ಕಬ್ಬಿನ ನಾಡಿನಲ್ಲಿ ನಿಂತು ಇದನ್ನು ಬರೆಯುವಾಗ ನನಗೆ ಇದು ಹೊರಗಿನ ಪ್ರಶ್ನೆಯಲ್ಲ. ನಮ್ಮ ಸೀಮೆಯ ಹಸಿರಿನ ಲೆಕ್ಕದಲ್ಲಿ ಹುನ್ನೂರಿನವರ ಹೊಲವೂ ಸೇರಬೇಕು.

ನೆನಪು ಜಗಳಕ್ಕೂ ತಿರುಗುತ್ತದೆ. ಸಾಂಗ್ಲಿ, ಕೊಲ್ಹಾಪುರ ಮುಳುಗಿದಾಗಲೆಲ್ಲ ಆಲಮಟ್ಟಿಯೇ ಕಾರಣ ಎಂಬ ಕೂಗು ಏಳುತ್ತದೆ. 2005ರಲ್ಲಿ ಎದ್ದಿತು, 2019ರಲ್ಲೂ ಎದ್ದಿತು. 2019ರ ನೆರೆಯ ಬಗ್ಗೆ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿ ಆ ಆರೋಪವನ್ನು ಒಪ್ಪಲಿಲ್ಲ. ನಮ್ಮ ಕಡೆಯವರು ಮಹಾರಾಷ್ಟ್ರ ನೀರು ಬಿಟ್ಟಿತು ಎನ್ನುತ್ತಾರೆ. ಗಡಿಯ ಎರಡೂ ಕಡೆ ನೆರೆಯ ನೆನಪನ್ನು ರಾಜ್ಯದ ಅಭಿಮಾನದ ಗಂಟಿಗೆ ಕಟ್ಟಿದರೆ ನದಿಪಾತ್ರದೊಳಗೆ ಕಟ್ಟಿದ ಕಟ್ಟಡಗಳ ಮಾತು ಬದಿಗೆ ಸರಿಯುತ್ತದೆ. ಕಟ್ಟಿದವರಿಗೂ ಕಟ್ಟಲು ಪರವಾನಗಿ ಕೊಟ್ಟವರಿಗೂ ಅದು ಅನುಕೂಲ.

ಬೇರೆ ಊರುಗಳು ಏನು ಮಾಡಿವೆ? ಹೈದರಾಬಾದಿನ ಉದಾಹರಣೆ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸುವಂಥದು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜಿನ ಒಂದು ಹುಣಸೆ ಮರ ಹತ್ತಿ ನೂರೈವತ್ತರಷ್ಟು ಜನ ಬದುಕಿಕೊಂಡರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಆ ಮರದ ಕೆಳಗೆ ಇಂದಿಗೂ ಸೆಪ್ಟೆಂಬರ್ 28ಕ್ಕೆ ಜನ ಸೇರುತ್ತಾರೆ. ಆದರೆ ಹೈದರಾಬಾದಿನ ನೆನಪು ಮರದ ಕೆಳಗೆ ನಿಲ್ಲಲಿಲ್ಲ. ನಿಜಾಮರ ಸರ್ಕಾರ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರ ಯೋಜನೆಯಿಂದ ಊರಿನ ಮೇಲ್ಭಾಗದಲ್ಲಿ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. ಸತ್ತವರ ಹೆಸರಿನಲ್ಲಿ ಒಂದು ನಗರ ತನ್ನ ನೀರಿನ ದಾರಿಯನ್ನೇ ಮತ್ತೆ ಯೋಚಿಸಿತು. ಅದೇ ಹೈದರಾಬಾದು ಮುಂದೆ ಮೂಸಿಯ ಪಾತ್ರವನ್ನು ಒತ್ತುವರಿಗೆ ಬಿಟ್ಟುಕೊಟ್ಟಿತು ಎಂಬುದೂ ನಿಜ. ನೂರು ವರ್ಷ ಬಾಳುವ ಕಟ್ಟೆ ಕಟ್ಟಬಹುದು, ಆದರೆ ನೆನಪನ್ನು ಪ್ರತಿ ತಲೆಮಾರೂ ಹೊಸದಾಗಿ ಕಟ್ಟಿಕೊಳ್ಳಬೇಕು.

ಪುಣೆಯಲ್ಲಿ 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟೆ ಒಡೆಯಿತು. ಮನೆ ಕಳೆದುಕೊಂಡವರಿಗೆ ಗೋಖಲೆನಗರ, ಲೋಕಮಾನ್ಯನಗರದಂಥ ಬಡಾವಣೆಗಳೇ ಎದ್ದವು. ಆದರೂ ಮುಠಾ ನದಿಯ ಅಂಚಿಗೆ ಮನೆಗಳು ಮತ್ತೆ ಬಂದವು, 2024ರ ಜುಲೈನಲ್ಲಿ ಖಡಕ್‌ವಾಸ್ಲಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಏಕತಾ ನಗರದ ಮನೆಗಳು ಮುಳುಗಿದವು. ನಮ್ಮ ಗೋಕಾಕ ಮುಳುಗಿದ್ದೂ ಅದೇ ಜುಲೈನಲ್ಲಿ. ಗುಜರಾತಿನ ಮೋರ್ಬಿಯಲ್ಲಿ 1979ರ ಆಗಸ್ಟ್ 11ರಂದು ಮಚ್ಛು ಅಣೆಕಟ್ಟೆ ಒಡೆದು ಸಾವಿರಾರು ಜನ ಹೋದರು. ಅಲ್ಲಿ ಪ್ರತಿ ವರ್ಷ ಆ ದಿನ ಸೈರನ್ ಕೂಗಿಸಿ ಮೌನ ಮೆರವಣಿಗೆ ನಡೆಸುತ್ತಾರೆ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಿಡಸೋಸಿಯಿಂದ ಹೆದ್ದಾರಿ ಹಿಡಿದರೆ ಕೊಲ್ಹಾಪುರ ಪಕ್ಕದ ಊರೇ. ಅಲ್ಲಿ ಪಂಚಗಂಗೆಯ ರಾಜಾರಾಮ್ ಬಾಂಧಾರದ ಮಟ್ಟ 39 ಅಡಿಯಾದರೆ ಎಚ್ಚರಿಕೆ, 43 ಅಡಿಯಾದರೆ ಅಪಾಯ. ಇದು ಅಲ್ಲಿಯ ಪ್ರತಿಯೊಬ್ಬರಿಗೂ ಗೊತ್ತು. ಸಾಂಗ್ಲಿಯವರು ಐರ್ವಿನ್ ಸೇತುವೆಯ ಅಡಿಗಳಲ್ಲಿ ಮಾತಾಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಮಹಾರಾಷ್ಟ್ರದ ನೀರಾವರಿ ಇಲಾಖೆ ನದಿಗಳಿಗೆ ಎರಡು ಗೆರೆ ಎಳೆಯುತ್ತದೆ. 25 ವರ್ಷಕ್ಕೊಮ್ಮೆ ಬರುವ ನೆರೆಗೆ ನೀಲಿ ರೇಖೆ, 100 ವರ್ಷಕ್ಕೊಮ್ಮೆ ಬರುವ ನೆರೆಗೆ ಕೆಂಪು ರೇಖೆ. ನೀಲಿಯೊಳಗೆ ಕಟ್ಟುವಂತಿಲ್ಲ, ಎರಡರ ನಡುವೆ ಷರತ್ತುಗಳಿವೆ. ಗೆರೆಯನ್ನು ಮುರಿದು ಕಟ್ಟಿದವರು ಅಲ್ಲೂ ಸಾಕಷ್ಟಿದ್ದಾರೆ. ಆದರೆ ಗೆರೆ ಇದ್ದರೆ ಮುರಿದವರನ್ನು ಕೇಳಲು ಸಾಮಾನ್ಯ ಮನುಷ್ಯನ ಕೈಯಲ್ಲಿ ಒಂದು ದಾಖಲೆ ಇರುತ್ತದೆ. ನೆರೆ ಬಯಲಿನ ವಲಯ ಗುರುತಿಸಲು ಕೇಂದ್ರ ಸರ್ಕಾರ 1975ರಲ್ಲೇ ಮಾದರಿ ಮಸೂದೆ ಬರೆದು ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಕೆಲವೇ ರಾಜ್ಯಗಳು ಅದನ್ನು ಕಾಯ್ದೆ ಮಾಡಿಕೊಂಡವು. ಕೃಷ್ಣೆ, ಭೀಮೆ, ಘಟಪ್ರಭೆ, ಮಲಪ್ರಭೆಗಳ ನೆರೆಯನ್ನು 2005, 2009, 2019ರಲ್ಲಿ ಕಂಡ ನಮ್ಮ ರಾಜ್ಯ ಆ ಸಾಲಿನಲ್ಲಿಲ್ಲ.

ಗೋಕಾಕದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಗೆರೆ ಮನೆಮನೆಯ ಗೋಡೆಯ ಮೇಲಿದೆ. ಅದು ಊರಿನ ನಕ್ಷೆಯ ಮೇಲೆ ಬರಬೇಕು ಎಂಬುದೇ ನನ್ನ ವಾದ. ಲೈಟಿನ ಕಂಬಗಳ ಮೇಲೆ, ಶಾಲೆಯ ಗೋಡೆಯ ಮೇಲೆ, ಲೋಳಸೂರ ಸೇತುವೆಯ ಕಟ್ಟೆಯ ಮೇಲೆ 2019, 2021, 2024 ಎಂದು ಬಣ್ಣದಲ್ಲಿ ಬರೆದರೆ ಖರ್ಚು ಎಷ್ಟು? ಜಾಗದ ಬೆಲೆ ಬಿದ್ದುಹೋಗುತ್ತದೆ ಎಂದು ಹೆದರುವವರು ಇದ್ದಾರೆ. ಅವರ ಭಯ ಸುಳ್ಳಲ್ಲ. ಆದರೆ ಗುರುತಿಲ್ಲದ ಪ್ಲಾಟನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವನು ಹೊರಗಿನಿಂದ ಬಂದ ಬಡವ. ಊರವರಿಗೆ ಗೊತ್ತಿರುವುದು ಅವನಿಗೆ ಗೊತ್ತಿರುವುದಿಲ್ಲ.

ಇಲ್ಲಿ ಒಂದು ತಕರಾರು ನ್ಯಾಯವಾಗಿಯೇ ಏಳುತ್ತದೆ. ಗೆರೆ ಎಳೆದರೆ ಮೊದಲು ಎಬ್ಬಿಸುವುದು ಯಾರನ್ನು? ನದಿಯ ದಂಡೆಗೆ ಜನ ಹುಚ್ಚಿಗೆ ಹೋಗಿ ಕೂತಿಲ್ಲ. ಕುಂಬಾರನಿಗೆ ಮಣ್ಣು ಮತ್ತು ನೀರು ಹತ್ತಿರ ಬೇಕು, ದನದ ಪೇಟೆಗೆ ಬಯಲು ಬೇಕು, ಕಟುಕರಿಗೆ ಊರು ಕೊಟ್ಟ ಜಾಗವೇ ಅಂಚಿನದು. ಯಾರ ಕಸುಬನ್ನು ಊರು ತನ್ನ ಮಧ್ಯಕ್ಕೆ ಬಿಟ್ಟುಕೊಳ್ಳಲಿಲ್ಲವೋ ಅವರೇ ನೀರಿನ ಬಾಯಿಗೆ ಮೊದಲು ಸಿಕ್ಕವರು. ಅವರನ್ನು ನೆರೆಯ ಹೆಸರಿನಲ್ಲಿ ಊರಾಚೆಗೆ ಕಳಿಸಿ, ಖಾಲಿಯಾದ ದಂಡೆಯಲ್ಲಿ ನಾಳೆ ಉದ್ಯಾನವನ್ನೋ ಕಾಂಪ್ಲೆಕ್ಸನ್ನೋ ಕಟ್ಟಿದರೆ ಅದು ಎರಡನೆಯ ಮುಳುಗಡೆ. ಕೊಡಗಿನಲ್ಲಿ 2018ರ ಭೂಕುಸಿತದ ನಂತರ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಮನೆ ಕಟ್ಟಿಕೊಟ್ಟರು. ಅಲ್ಲಿಯೂ ತೋಟ ಒಂದು ಕಡೆ, ಮನೆ ಒಂದು ಕಡೆ ಎಂಬ ಕೊರಗು ಉಳಿಯಿತು. ಗೋಕಾಕದಲ್ಲಿ ಸ್ಥಳಾಂತರ ಮಾಡುವುದಾದರೆ ಮನೆಯ ಜತೆ ಸಂತೆಯನ್ನೂ ಭಟ್ಟಿಯನ್ನೂ ಅಂಗಡಿಯನ್ನೂ ಸಾಗಿಸಬೇಕು. ಇಡೀ ಗಲ್ಲಿ ಒಟ್ಟಿಗೆ ಹೋಗಬೇಕು. ಹೋಗಲಾರೆವು ಎಂದವರಿಗೆ ನೀರು ಬಂದಾಗ ಏರಿ ಕೂರಲು ಊರೊಳಗೇ ಎತ್ತರದ ಜಾಗ, ಮೇಲಂತಸ್ತು ಕಟ್ಟಿಕೊಳ್ಳಲು ನೆರವು ಸಿಗಬೇಕು. ಎತ್ತರದಲ್ಲಿರುವ ನಮ್ಮಂಥ ಊರುಗಳಿಗೂ ಇದರಲ್ಲಿ ಪಾಲಿದೆ. 2019ರಲ್ಲಿ ನಿಪ್ಪಾಣಿಯ ಯಮಗರ್ಣಿ ಬಳಿ ಹೆದ್ದಾರಿಗೆ ನೀರು ಬಂದು ಲಾರಿಗಳು ದಿನಗಟ್ಟಲೆ ನಿಂತಾಗ ಬೆಳಗಾವಿಯ ಈ ಭಾಗವೆಲ್ಲ ಒಂದೇ ಎಂದು ನಮಗೆ ತಿಳಿದಿತ್ತು. ನಿಡಸೋಸಿಯಲ್ಲಿ 1996ರಿಂದ ಒಂದು ಎಂಜಿನಿಯರಿಂಗ್ ಕಾಲೇಜಿದೆ. ಹಿರಣ್ಯಕೇಶಿಯಿಂದ ಲೋಳಸೂರದವರೆಗೆ ಮನೆಮನೆಯ ಗೋಡೆಯ ಗೆರೆಯನ್ನು ಅಳೆದು ನಕ್ಷೆಗೆ ತರುವ ಕೆಲಸಕ್ಕೆ ಹೊರಗಿನ ತಜ್ಞರನ್ನೇ ಕಾಯಬೇಕಾಗಿಲ್ಲ.

ಆ ನಕ್ಷೆ ಬರೆಯುವವರು ಒಂದು ಮನೆಯನ್ನು ತಪ್ಪಿಸಬಾರದು: ಬಾಡಿಗೆಯವರ ಮನೆ. ಬಿದ್ದ ಮನೆಗೆ ಬರುವ ಹಣ ಉತಾರದಲ್ಲಿ ಹೆಸರಿರುವ ಮಾಲೀಕನಿಗೆ ಹೋಗುತ್ತದೆ. ನೀರಿನಲ್ಲಿ ಹೊಲಿಗೆ ಯಂತ್ರ, ಹಾಸಿಗೆ, ಪಾತ್ರೆ, ಒಂದು ವರ್ಷದ ಜೋಳ ಕಳೆದುಕೊಂಡವರು ಅನೇಕ ಕಡೆ ಬಾಡಿಗೆದಾರರು. ಅವರು ಅಲ್ಲಿಂದ ಇನ್ನೊಂದು ಅಗ್ಗದ ಮನೆಗೆ ಹೋಗುತ್ತಾರೆ. ಅಗ್ಗದ ಮನೆ ಮತ್ತೆ ತಗ್ಗಿನಲ್ಲೇ ಇರುತ್ತದೆ. ಖಾಲಿಯಾದ ಕೋಣೆಗೆ ಹೊಸಬರು ಬರುತ್ತಾರೆ, ಸುಣ್ಣ ಹೊಸದಾಗಿರುತ್ತದೆ. ಮನೆ ಬಾಡಿಗೆಗೆ ಕೊಡುವಾಗ 2019ರಲ್ಲಿ ಈ ಕೋಣೆಯಲ್ಲಿ ನೀರು ಎಷ್ಟು ಎತ್ತರ ನಿಂತಿತ್ತು ಎಂದು ಕರಾರು ಪತ್ರದಲ್ಲಿ ಬರೆಯಬೇಕೆಂದು ನಗರಸಭೆ ಒಂದು ಠರಾವು ಮಾಡಲು ಯಾವ ಹೊಸ ಕಾಯ್ದೆಯನ್ನೂ ಕಾಯಬೇಕಿಲ್ಲ. ಬರುವ ಮಳೆಗಾಲದೊಳಗೆ ಮಾಡಬಹುದಾದ ಕೆಲಸ ಇದು.